ಹೊಡೆದುಹಾಕಿದ ಸಂಖ್ಯೆ

ಮೇಷ್ಟ್ರ ಭಾವಮೈದುನ ಮೇಜಿನಡಿ ಮಂಡಿಯೂರಿ ಪ್ಲಗ್ಗಿಗೆ ಕೈ ಹಾಕಿದ್ದ. ತೀರಿಕೊಂಡ ಮೇಷ್ಟ್ರನ್ನು ಮಲಗಿಸಿದ್ದ ನಡುಮನೆಯಲ್ಲಿ ವಿಪರೀತ ಸೆಖೆ. ಬಂದವರಿಗೆ ಇನ್ನೊಂದು ಫ್ಯಾನು ಬೇಕಿತ್ತು. ಇದ್ದೊಂದು ಪ್ಲಗ್ಗನ್ನು ಹಳೆಯ ಕಂಪ್ಯೂಟರು ಬಿಗಿಯಾಗಿ ಹಿಡಿದು ಕೂತಿತ್ತು.

"ಅದನ್ನ ಮುಟ್ಟಬೇಡ," ಎಂದಳು ಅಕ್ಕ. ಬೆಳಗಿನಿಂದ ಅವಳಾಡಿದ ಮೊದಲ ಮಾತು.

"ಭಾವನೇ ಇಲ್ಲ. ಇನ್ನು ಇದ್ಯಾಕಕ್ಕ?"

"ಲೆಕ್ಕ ಮುಗಿದಿಲ್ಲ. ನನ್ನ ಸಂಖ್ಯೆಗೆ ಏನು ಬಂತು ಅಂತ ಗೊತ್ತಾಗದೆ ಅವರನ್ನ ಕಳಿಸಲ್ಲ."

ಪರದೆಯ ಮೇಲೆ ನೂರಕ್ಕೆ ತೊಂಬತ್ತೇಳು ಎಂದಿತ್ತು. ಶವದ ಗಾಡಿ ಮೂರಕ್ಕೆ ಬರುವುದಿತ್ತು. ಭಾವಮೈದುನ ಮಂಡಿ ಕೊಡವಿಕೊಂಡು, ಈ ಮನೆಯಲ್ಲಿ ತನ್ನ ಮಾತು ಯಾವತ್ತು ತಾನೇ ನಡೆದಿದೆ ಎಂದು ಗೊಣಗುತ್ತ ಎದ್ದ.

ಹೊರಗೆ ಮೆಟ್ಟಿಲ ಮೇಲೆ ನೆನಪುಗಳ ಸಂತೆ. ಅಂಕ ಕೊಡುವುದರಲ್ಲಿ ಧಾರಾಳಿಯಾಗಿದ್ದ ಮನುಷ್ಯನಿಗೆ ಸೊನ್ನೆ ಮೇಷ್ಟ್ರು ಎಂಬ ಹೆಸರು ಹೇಗೆ ಬಂತೆಂದು ಯಾರೋ ಕೇಳಿದರು. ಹಳೆಯ ಶಿಷ್ಯ, ಈಗ ತಾನೂ ತಲೆ ನರೆತ ಮೇಷ್ಟ್ರೇ, ಕನ್ನಡಕವನ್ನು ಹಣೆಗೇರಿಸಿ ಗುರುವಿನ ಮೂಗುದನಿಯನ್ನು ಹೊರಗೆ ತೆಗೆದ.

"ನೋಡಿ ಸ್ವಾಮಿ, ಪರಮಾಣುವಿನ ಹೊಟ್ಟೇಲಿ ಒಂದಷ್ಟು ಕಣ, ಒಂದೊಂದಕ್ಕೂ ಒಂದೊಂದು ಗಿರಕಿ. ಯಾರ ಜೊತೆ ಯಾರಿಗೆ ಸ್ನೇಹ, ಯಾರ ಜೊತೆ ಜಗಳ ಅನ್ನೋದನ್ನ ಚೀಟಿ ಎತ್ತಿ ಗೊತ್ತುಮಾಡಿ. ಅವು ನೂರು ಥರ ಕೂರಬಹುದು. ಅದರಲ್ಲಿ ಒಟ್ಟು ಗಿರಕಿ ಸೊನ್ನೆ ಆಗೋದು ನಾಲ್ಕೈದೇ ಥರ. ಆದ್ರೂ ಎಲ್ಲಕ್ಕಿಂತ ತಳಕ್ಕೆ ಹೋಗಿ ನೆಮ್ಮದಿಯಾಗಿ ಕೂರೋದು ಹೆಚ್ಚಿನ ಸಲ ಆ ಸೊನ್ನೆನೇ. ಯಾಕೆ? ನಂಗೂ ಗೊತ್ತಿಲ್ಲ. ಅದಕ್ಕೇ ಯೋಚನೆ ಮಾಡ್ದೆ ನಾಲ್ಕಂಕಿಯ ಒಂದು ಸಂಖ್ಯೆ ಹೇಳಿ."

ಅಂಚೆಯವನು ನಗುತ್ತಲೇ ಕಣ್ಣೊರೆಸಿಕೊಂಡ. ಅವನೊಬ್ಬನೇ ಮೂವತ್ತು ಸಂಖ್ಯೆ ಕೊಟ್ಟಿದ್ದನಂತೆ. ಹಾಲಿನವಳು, ಕ್ಷೌರಿಕ, ದಾರಿ ಕೇಳಲು ಬಂದವರು, ಯಾರನ್ನೂ ಮೇಷ್ಟ್ರು ಬರಿಗೈಲಿ ಕಳಿಸಿರಲಿಲ್ಲ, ಅಂದರೆ ಅವರಿಂದ ಸಂಖ್ಯೆ ಕಿತ್ತುಕೊಳ್ಳದೆ ಬಿಟ್ಟಿರಲಿಲ್ಲ. ಆ ನಾಲ್ಕಂಕಿಯೇ ಬೀಜ; ಅದರಿಂದ ಕಂಪ್ಯೂಟರು ಚೀಟಿ ಎತ್ತುತ್ತಿತ್ತು. ಸಂಖ್ಯೆ, ಕೊಟ್ಟವರು, ಬಂದ ಗಿರಕಿ: ಎಲ್ಲವೂ ಪುಸ್ತಕಕ್ಕೆ ಏರುತ್ತಿತ್ತು.

ಒಳಗೆ ಕುರ್ಚಿ ಸರಿದ ಸದ್ದು. ಮೇಷ್ಟ್ರ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ಕರೆದವರಿಗೆ ಓಗೊಡಲು ಬಂದವಳಂತೆ ಬಾಯಿ ಅರೆ ತೆರೆದಿತ್ತು. ಶಿಷ್ಯ ಕನ್ನಡಕವನ್ನು ಮೂಗಿಗಿಳಿಸಿದ.

* * *

ಮೂವತ್ತೊಂದು ವರ್ಷದ ಹಿಂದೆ ಮೇಷ್ಟ್ರು ಅವಳನ್ನೂ ಕೇಳಿದ್ದರು. ಅವಳು ತಟ್ಟನೆ ನಾಲ್ಕು ಒಂದು ಎರಡು ಏಳು ಎಂದಳು. ಬರೆದುಕೊಂಡು, ನೋಡಿ, ನಕ್ಕರು. ಪರೀಕ್ಷೆಯ ಕೊಠಡಿಯಲ್ಲಿ ಅವಳ ಬೆಂಚಿಗೆ ಅಂಟಿಸಿದ್ದ ಸಂಖ್ಯೆ ಅದು; ಹಿಂದಿನ ಬೆಂಚಿನಲ್ಲಿದ್ದವರು ಇವರು.

"ಇದು ನಡೆಯಲ್ಲ ಕಣೇ. ನೆನಪಿರೋ ಸಂಖ್ಯೆ ಬೇಡ, ಬಾಯಿಗೆ ಬಂದ ಸಂಖ್ಯೆ ಬೇಕು," ಎಂದು ಗೆರೆ ಎಳೆದು ಹೊಡೆದುಹಾಕಿದರು. ಮತ್ತೆ ಮೂವತ್ತು ವರ್ಷ ಅವಳನ್ನು ಕೇಳಲಿಲ್ಲ. ಈ ಮನೆಯಲ್ಲಿ ತನಗೆ ಸೊನ್ನೆಯ ಬೆಲೆಯೂ ಇಲ್ಲ ಎಂದು ಅವಳು ಬಂದವರೆದುರೆಲ್ಲ ತಮಾಷೆ ಮಾಡುತ್ತಿದ್ದಳು. ತಮಾಷೆ ಎಂದೇ ಎಲ್ಲರೂ ತಿಳಿದಿದ್ದರು.

ಹನ್ನೊಂದು ದಿನದ ಹಿಂದೆ ಮೇಷ್ಟ್ರು ಹಾಸಿಗೆಯಿಂದೆದ್ದು ಗೋಡೆ ಹಿಡಿದು ಮೇಜಿಗೆ ಬಂದರು.

"ಅವತ್ತಿನ ನಿನ್ನ ಸಂಖ್ಯೆ ಹೇಳು. ಬೀಜ ಯಾವುದಾದ್ರೂ ಯಂತ್ರಕ್ಕೆ ಒಂದೇ. ನಾನೇ ಪೆದ್ದ."

"ಮರೆತೋಯ್ತು," ಎಂದಳು, ಬೇಕೆಂದೇ.

ಮೇಷ್ಟ್ರು ಅವಳತ್ತ ತಿರುಗದೆ, ಒಂದೊಂದಾಗಿ ನಾಲ್ಕು ಕೀಲಿ ಒತ್ತಿದರು.

* * *

ಗಾಡಿ ಬಂದಾಗ ತೊಂಬತ್ತೊಂಬತ್ತಾಗಿತ್ತು. ಭಾವಮೈದುನ ಗಡಿಯಾರ ನೋಡಿದ, ಅಕ್ಕನ ಮುಖ ನೋಡಿದ, ತಾನೇ ಹೋಗಿ ಡ್ರೈವರನಿಗೆ ಸ್ವಲ್ಪ ತಾಳಲು ಹೇಳಿಬಂದ. ಏನು ವಿಷಯವೆಂದು ಡ್ರೈವರನೂ ಒಳಬಂದು ನಿಂತ. ಸತ್ತವರಿಗೆ ಬೆನ್ನು ಹಾಕಿ ಅಷ್ಟೂ ಜನ ಪರದೆ ನೋಡುತ್ತಿದ್ದರು; ಅದಕ್ಕೆ ಮೇಷ್ಟ್ರು ಬೇಸರಪಡುತ್ತಿರಲಿಲ್ಲ.

ಕಂಪ್ಯೂಟರಿನ ಗೊರಗೊರ ನಿಂತಿತು. ಶಿಷ್ಯ ಬಗ್ಗಿ ನೋಡಿದ. ಗಂಟಲು ಸರಿಮಾಡಿಕೊಂಡಾಗ ಹೊರಟದ್ದು ಮೂಗುದನಿಯೇ. "ಸೊನ್..."

"ಅವರ ದನಿ ಬೇಡಪ್ಪ," ಎಂದಳು ಅವಳು. "ನಿನ್ನ ದನೀಲಿ ಹೇಳು."

ಅವನು ಕನ್ನಡಕ ತೆಗೆದು ಜೇಬಿಗಿಟ್ಟ.

"ಎರಡು ಅಮ್ಮ. ಸೊನ್ನೆ ಅಲ್ಲ."

ಅವಳು ಹಳೆಯ ಪುಸ್ತಕ ತರಿಸಿದಳು. ಹೊಡೆದುಹಾಕಿದ ಸಾಲಿನೆದುರು ಖಾಲಿ ಬಿದ್ದಿದ್ದ ಚೌಕದಲ್ಲಿ, ಗಂಡನ ಶಾಯಿ ಪೆನ್ನಿನಿಂದ, ಎರಡು ಎಂದು ದಪ್ಪಗೆ ಬರೆದಳು. ಆಮೇಲೆ ಹೊರುವವರ ಕಡೆ ತಲೆಯಾಡಿಸಿದಳು.

ಅವರು ಬಗ್ಗಿದವರು ಹಾಗೆಯೇ ನಿಂತರು. ದಾರಿಗೆ ಅಡ್ಡವಾಗಿ ಭಾವಮೈದುನ ನಿಂತಿದ್ದ. ಪುಸ್ತಕವನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು, ಕೆನ್ನೆ ಉಬ್ಬಿಸಿ, ಹಸಿ ಶಾಯಿಯ ಮೇಲೆ ಮೆಲ್ಲಗೆ ಊದುತ್ತಿದ್ದ.