ಹಸಿದ ಬಾಣಂತಿ ದೆವ್ವ

"ನಿಲ್ರಿ! ನಾ ಒಳಗ ಬರಾಂಗಿಲ್ಲ!" ಎಂದು ಮುಂದೆ ಹೆಗಲು ಕೊಟ್ಟಿದ್ದ ಮಕ್ಬೂಲ್ ಕೂಗಿದ್ದೇ ತಡ, ಹಜಿರಾ ಬೀಯ ಶವದ ಜನಾಜಾ ಹೊತ್ತ ನಾಲ್ವರೂ ಪಾಳುಹವೇಲಿಯ ಬಾಗಿಲಲ್ಲೇ ನಿಂತುಬಿಟ್ಟರು.

ನಡು ಮಧ್ಯಾಹ್ನ. ಆದರೂ ಒಬ್ಬರೂ ಹೊಸ್ತಿಲ ಮೇಲೆ ಕಾಲಿಡಲೊಲ್ಲರು.

"ಅಮ್ಮಿಗೆ ಮಾತು ಕೊಟ್ಟೀನ್ರಿ ಚಾಚಾ," ಮಗ ಯುನೂಸ್ ಅಳುವಂತಾಗಿದ್ದ. "ಹವೇಲಿ ಒಳಗಿಂದನ ಕಬರಸ್ತಾನಕ್ಕ ಒಯ್ಯಿ ಅಂದಾಳ. ಕಡೀ ಮಾತು. ನಾ ಒಬ್ಬನ ಹ್ಯಾಂಗ ಹೊರಲಿ?"

"ಇಲ್ಲಿ ಬಾಣಂತಿ ದೆವ್ವ ಐತಿ ಅಂತ ಊರಿಗೆಲ್ಲ ಹೇಳಿದಾಕಿನ ನಿಮ್ಮ ಅಮ್ಮಿ! ಸತ್ತ ಮ್ಯಾಲೂ ಅಂಜಸಾಕತ್ತಾಳ ನೋಡು," ಎಂದ ಮಕ್ಬೂಲ್.

ಮಾತು ಸುಳ್ಳಲ್ಲ. ಹಜಿರಾ ಬೀ ಕಲ್ಯಾಣದ ಓಣಿ ಓಣಿ ತಿರುಗಿ ಬಳೆ ತೊಡಿಸುತ್ತಿದ್ದವಳು. ಬಿಗಿ ಬಳೆ ಏರಿಸುವಾಗ ಹೆಂಗಸರು ಕೈ ನೋವು ಮರೆಯಲೆಂದು ದೆವ್ವದ ಕತೆ ಹೇಳುತ್ತಿದ್ದಳು. ದೆವ್ವ ಕಿರುಚುವ ಹೊತ್ತಿಗೆ ಸರಿಯಾಗಿ ಬಳೆ ಮಣಿಕಟ್ಟಿಗೆ ಜಾರಿರುತ್ತಿತ್ತು.

"ನಾನೂ ಈ ಹೊಸ್ತಿಲಿಗೆ ರೊಟ್ಟಿ, ಹಾಲು ಎಡಿ ಇಟ್ಟೀನಿ," ಎಂದ ಕಿರಾಣಿಯ ತುಳಜಾರಾಮ. "ಒಮ್ಮೆ ದೆವ್ವಕ್ಕ ಅಜವಾನ ಬೇಕಂತ ಹಜಿರಾ ಬೀ ಅಂದ್ರು. ಅದನ್ನೂ ಇಟ್ಟೆ."

ಆಗಲೇ ಒಳಗೆ ಗೆಜ್ಜೆ ಘಲ್ಲೆಂದಿತು. ಹೆದರಿದವರ ಮೇಲೆ ಹಾವು ಹಾಕಿದಂತಾಯಿತು. ಹಿಂದಿದ್ದವರು ಊರ ಅಗಸೆ ಬಾಗಿಲತ್ತ ಓಡಿದರು. ಹೊತ್ತವರು ಮಾತ್ರ ಓಡುವಂತಿರಲಿಲ್ಲ.

ಹವೇಲಿಯ ಕತ್ತಲಿಂದ ಒಬ್ಬ ಹೆಂಗಸು ಹೊರಬಂದಳು. ಕೈಯಲ್ಲಿ ಮೂರು ವರ್ಷದ ಮಗುವಿನ ಕೈ.

"ಅಂಜಬ್ಯಾಡ್ರಿ. ನಾ ಕಾಂತಾಬಾಯಿ. ಹುಮನಾಬಾದಿನ ಮೋಟಾರು ಈಗ ಬಂತು, ಹಿಂದಿನ ಬಾಗಿಲಿಂದ ಬಂದೆ. ಹಜಿರಾ ಮಾವಶಿನ್ನ ಒಮ್ಮೆ ನೋಡಬೇಕಿತ್ರಿ."

*

ಎರಡು ವರ್ಷದ ಹಿಂದೆ, ರಜಾಕಾರರ ಗಲಾಟೆಯ ದಿನಗಳಲ್ಲಿ, ನಿಜಾಮನ ವಿರುದ್ಧ ನಿಂತಿದ್ದ ಗಂಡ ಗಡಿಯಾಚೆ ತಲೆಮರೆಸಿಕೊಂಡಿದ್ದಾಗ ಕಾಂತಾಬಾಯಿಯನ್ನು ಹುಡುಕಿಕೊಂಡು ಅವರ ಕಡೆಯ ಜನ ಬಂದರು. ಹಜಿರಾ ಬೀ ಅವಳನ್ನೂ ಹತ್ತು ತಿಂಗಳ ಕೂಸನ್ನೂ ಈ ಹವೇಲಿಗೆ ತಂದು ಅಡಗಿಸಿದಳು, ಮಗನಿಗೂ ಹೇಳಲಿಲ್ಲ. ಮೂರನೆಯ ದಿನ ಕೂಸು ಅಂಬೆಗಾಲಿಟ್ಟ ಗೆಜ್ಜೆ ಸದ್ದು ಮಕ್ಬೂಲನ ಕಿವಿಗೆ ಬಿತ್ತು. ಅವನು ಏದುಸಿರು ಬಿಡುತ್ತ ಬಂದಾಗ ಹಜಿರಾ ಬೀ ಯಾರಿಗೋ ಬಳೆ ತೊಡಿಸುತ್ತಿದ್ದಳು.

"ಹಡದು ಸತ್ತ ಬಾಣಂತಿ ಅದು," ಎಂದಳು, ರೆಪ್ಪೆ ಮಿಟುಕಿಸದೆ. "ಹಸದೈತಿ. ಹೊಸ್ತಿಲಿಗೆ ಹಾಲು ರೊಟ್ಟಿ ಇಟ್ಟು ಹಿಂದ ನೋಡದ ಬರ್ರಿ. ಇಲ್ಲಂದ್ರ ನಿಮ್ಮ ಮನಿಗೇ ಬರ್ತದ."

ಸಂಜೆ ಹವೇಲಿಯಲ್ಲಿ ಕಾಂತಾಬಾಯಿ ಅವಸರದಿಂದ ಕೂಸಿನ ಗೆಜ್ಜೆ ಬಿಚ್ಚುತ್ತಿದ್ದಳು. ಹಜಿರಾ ಬೀ ಕೈ ಹಿಡಿದಳು.

"ತಗೀಬ್ಯಾಡ ಮಗಳ. ಇನ್ನ ಗೆಜ್ಜಿನ ನಿನ್ನ ಕಾವಲು."

ಹದಿನೇಳು ದಿನ ಊರೆಲ್ಲ ಎಡೆಯಿಟ್ಟಿತು. ಅವಳನ್ನು ಹುಡುಕುತ್ತಿದ್ದವರೂ ಇಟ್ಟರು.

*

"ನಿಮ್ಮ ದೆವ್ವ ನಾನರಿ, ಮಕ್ಬೂಲ್ ಭಾಯಿ," ಎಂದಳು ಕಾಂತಾಬಾಯಿ. "ನೀವು ಇಟ್ಟ ಹಾಲು ಕುಡದು ಈಕಿ, ನನ್ನ ಮುಕ್ತಾ, ಬದುಕ್ಯಾಳ. ಯಾರಿಗೂ ಹೇಳಬ್ಯಾಡ, ಮುಂದ ಮತ್ಯಾರಿಗರ ಈ ದೆವ್ವ ಬೇಕಾದೀತು ಅಂದಿದ್ರು ಮಾವಶಿ. ಆದ್ರ ಅವರ ಜನಾಜಾನ ಬಾಗಲದಾಗ ನಿಂತಾಗ ಹ್ಯಾಂಗ ಮುಚ್ಚಿಡಲಿ?"

ಮಕ್ಬೂಲ್ ಮಗುವಿನ ಕಾಲಿನ ಗೆಜ್ಜೆಯತ್ತ ನೋಡಿದ.

"ಮತ್ತ ಅಜವಾನ?" ತುಳಜಾರಾಮನಿಗೆ ಅದೇ ಚಿಂತೆ.

"ಈಕಿ ಹೊಟ್ಟಿ ಕಡೀತಿತ್ರಿ."

ಯಾರೋ ನಕ್ಕರು. ಸಾವಿನ ಮೆರವಣಿಗೆಯೆಂಬುದನ್ನೂ ಮರೆತು ಎಲ್ಲರೂ ನಕ್ಕರು. ಯುನೂಸ್ ಮಾತ್ರ ತಾಯಿಯ ಚಾದರಕ್ಕೆ ಮುಖವೊತ್ತಿ ಬಿಕ್ಕಿದ. ಇಷ್ಟು ದೊಡ್ಡ ಅಮ್ಮಿ ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಅವನಿಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು.

ಓಡಿಹೋದವರು ಒಬ್ಬೊಬ್ಬರೇ ಮರಳಿ ಬಂದು, ಹೆಗಲು ಕೊಡಲು ನಾ ಮುಂದು ತಾ ಮುಂದು ಎಂದು ನುಗ್ಗಿದರು. ಮಕ್ಬೂಲ್ ಜಾಗ ಬಿಡಲಿಲ್ಲ. ಆದರೂ ಹೊಸ್ತಿಲ ಬಳಿ ಅವನ ಕಾಲು ತಡೆಯಿತು.

"ಮುಕ್ತಾ," ಎಂದ ಮೆಲ್ಲಗೆ, "ನೀ ಮುಂದ ನಡಿಯವಾ."

ಬೆಳೆದ ಕಾಲಿಗೆಂದು ಹೊಸ ಕೊಂಡಿ ಹಾಕಿಸಿದ ಅದೇ ಗೆಜ್ಜೆ. ಮಗು ಕತ್ತಲೊಳಗೆ ಓಡಿತು. ಆ ಸದ್ದಿನ ಹಿಂದೆ ಹಜಿರಾ ಬೀಯ ಜನಾಜಾ ಹೊಸ್ತಿಲು ದಾಟಿತು.