ಮಣಿಕಟ್ಟಿನ ಮೇಲಿನ ಅಕ್ಷರ

ಗುಂಡಿ ಹಚ್ಚಲು ಕೊಟ್ಟ ಅಂಗಿಯನ್ನು ಮಗಳು ಎಡಗೈಯಲ್ಲಿ ಹಿಡಿಯಲಾರದೆ ಹೋದಾಗಲೇ ಟೈಲರಮ್ಮನಿಗೆ ಅನುಮಾನ ಬಂತು. ತೋಳು ಸರಿಸಿ ನೋಡಿದರೆ ಬಾತುಕೊಂಡ ಮಣಿಕಟ್ಟು, ಅದರ ಮೇಲೆ ಕೀವು ಕಟ್ಟಿದ ನೀಲಿ ಅಕ್ಷರ. ಹೊಲಿಗೆ ಮೆಷಿನ್ನಿನ ಸೂಜಿ, ಪೆನ್ನಿನ ಶಾಯಿಯಲ್ಲಿ ತಾನೇ ಹಾಕಿಕೊಂಡ ಹಚ್ಚೆ. ಕೆಲಸ ಮಾತ್ರ ಅಚ್ಚುಕಟ್ಟು, ಟೈಲರಮ್ಮನ ಮಗಳಲ್ಲವೇ.

ಟೈಲರಮ್ಮ ಬೈಗುಳದಲ್ಲಿ ಜಿಪುಣಿಯಲ್ಲ. ಹಾಳು ಫ್ಯಾಷನ್ನು, ಕೆಟ್ಟ ಸಹವಾಸ, ಮೊಬೈಲು ಎಂದು ಎಲ್ಲಕ್ಕೂ ಒಂದೊಂದು ಪಾಲು ಹಂಚಿ, ಅದನ್ನು ಅಳಿಸಿ ಹಾಕಿಸಲು ಮಗಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಗಾಯ ತೊಳೆದ ನರ್ಸಮ್ಮ, ಇನ್ನೂ ತಡಮಾಡಿದ್ದರೆ ನಂಜು ರಕ್ತಕ್ಕೇರಬಹುದಿತ್ತು ಎಂದರು. ಟೈಲರಮ್ಮನದು ಒಂದೇ ಹಟ, ಅಕ್ಷರ ಹೋಗಬೇಕು.

"ಅಳಿಸೋ ಮಾತು ಆಮೇಲೆ. ಯಾಕೆ ಬರ್ಕೊಂಡ್ಳು ಅಂತ ಕೇಳಿದ್ರಾ?"

"ಕೇಳೋದೇನಿದೆ ಸಿಸ್ಟರ್? ಎಲ್ಲರಿಗೂ ಹಿಡಿದಿರೋ ಹುಚ್ಚು ಇವಳಿಗೂ ಹಿಡಿದಿದೆ."

"ಹುಚ್ಚು ಅನ್ನೋದು ಸುಲಭ ಅಕ್ಕ. ಯಾರ ಹೆಸರಿನ ಅಕ್ಷರ ಇದು?"

ಟೈಲರಮ್ಮ ಬಾಗಿಲ ಕಡೆ ನೋಡಿದಳು. ಅದು ಹಿರಿಮಗಳ ಹೆಸರಿನ ಮೊದಲಕ್ಷರ. ಅವಳು ಜ್ವರದಲ್ಲಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಕಣ್ಣಿಗೆ ಬಿದ್ದರೆ ಕೈ ಓಡುವುದಿಲ್ಲವೆಂದು ಅವಳ ಬಟ್ಟೆಗಳ ಹೊಲಿಗೆ ಬಿಚ್ಚಿ, ಗಿರಾಕಿಗಳ ಕೋಟುಗಳ ಒಳಪದರಕ್ಕೆ ಹಾಕಿ ಮುಗಿಸಿದ್ದಳು. ಮನೆಯಲ್ಲಿ ಯಾರೂ ಅವಳ ಹೆಸರೆತ್ತುವಂತಿರಲಿಲ್ಲ.

ಕಿರಿಮಗಳು ಆಗ ಬಾಯಿಬಿಟ್ಟಳು.

"ಅಕ್ಕನ ಬಟ್ಟೆ ಕಂಡವರ ಮೈಮೇಲೆ ಓಡಾಡ್ತಿದೆ ಅಮ್ಮ. ನನ್ನ ಹತ್ರ ಏನೂ ಉಳಿದಿರಲಿಲ್ಲ. ಇದನ್ನಾದ್ರೆ ನೀನು ಬಿಚ್ಚೋಕಾಗಲ್ಲ ಅಂದ್ಕೊಂಡೆ."

ಟೈಲರಮ್ಮನ ಬೈಗುಳದ ಗಂಟು ಅಲ್ಲಿಗೆ ಖಾಲಿಯಾಯಿತು.

ನರ್ಸಮ್ಮ ನಿಧಾನವಾಗಿ ತಿಳಿಹೇಳಿದರು. ಹಚ್ಚೆ ಹಾಕಿಸಿಕೊಳ್ಳುವವರು, ಕಿವಿ ಮೂಗು ಚುಚ್ಚಿಸಿಕೊಳ್ಳುವವರು ಬಹಳ ಮಂದಿ ಚಂದಕ್ಕೆಂದೇ ಮಾಡಿಸುತ್ತಾರೆ. ಕೆಲವರಿಗೆ ಗೆಳೆಯರಂತಿರುವ ಆಸೆ, ಕೆಲವರಿಗೆ ಈ ಮೈ ನನ್ನದೆಂದು ಹೇಳಿಕೊಳ್ಳುವ ಆಸೆ. ಹೋದವರನ್ನು ಹಿಡಿದಿಟ್ಟುಕೊಳ್ಳಲು ಮಾಡಿಸುವವರೂ ಇದ್ದಾರೆ. ಇದು ಕಾಯಿಲೆಯಲ್ಲ. ಆದರೆ ದುಃಖ ತಾಳಲಾರದೆ ಮೈ ನೋಯಿಸಿಕೊಳ್ಳುತ್ತಿದ್ದರೆ ಮಾತ್ರ ಸುಮ್ಮನಿರಬಾರದು.

ಆ ಸಂಜೆ ಊಟಕ್ಕೆ ಕೂತಾಗ ಟೈಲರಮ್ಮ ಹಿರಿಮಗಳ ಹೆಸರು ಹಿಡಿದು ಏನೋ ಹೇಳಹೊರಟಳು. ಅರ್ಧಕ್ಕೇ ನಿಲ್ಲಿಸಿ ನೀರಿನ ಲೋಟ ಎತ್ತಿಕೊಂಡಳು. ಉಳಿದದ್ದನ್ನು ಕಿರಿಯವಳು ಹೇಳಿದಳು. ತಟ್ಟೆಯಲ್ಲಿದ್ದ ಊಟ ಆರುವವರೆಗೂ ಮಾತು ನಡೆಯಿತು.

ತಾಯಂದಿರೇ, ತಂದೆಯರೇ, ಮಕ್ಕಳ ಮೈಮೇಲೆ ಹೊಸ ಗುರುತು ಕಂಡರೆ ಬೈಯಲು ನಿಮಗೆ ಬೇಕಾದಷ್ಟು ಸಮಯವಿದೆ. ಮೊದಲು ಪಕ್ಕದಲ್ಲಿ ಕೂತು ಯಾಕೆಂದು ಕೇಳಿ. ಹಚ್ಚೆ ಬೇಕೇ ಬೇಕೆಂದರೆ ವಯಸ್ಸು ತುಂಬಲಿ, ಮನಸ್ಸು ನಿಲ್ಲಲಿ, ಕಣ್ಣೆದುರೇ ಹೊಸ ಸೂಜಿ ತೆಗೆಯುವವರಲ್ಲಿ ಹಾಕಿಸಿಕೊಳ್ಳಲಿ. ಮನೆಯ ಸೂಜಿ ಬೇಡವೇ ಬೇಡ. ಗಾಯ ಬಾತರೆ ಅಂದೇ ಆಸ್ಪತ್ರೆಗೆ ಹೋಗಿ. ಮಾತೇ ನಿಂತುಹೋಗಿರುವ ಮನೆ ನಿಮ್ಮದಾಗಿದ್ದರೆ, ಇವತ್ತೇ ಯಾರಾದರೊಬ್ಬರು ಶುರುಮಾಡಿ.