ಹನ್ನೊಂದರೊಳಗೆ ತೆರೆಯಬೇಕಾದ ಅಂಗಡಿ

"ಬಾಗಿಲೇ ತೆಗೀತಿಲ್ವಲ್ಲೇ ಹುಡುಗಿ!"

ಅಂಗಡಿಯ ಹಿರಿಯ ಯಜಮಾನಿ ಅಮಾ ಲ್ಯಾಪ್‌ಟಾಪಿನ ನೆತ್ತಿಗೆ ಬೆರಳಿನಿಂದ ಮೊಟಕಿದರು. ಒಂಬತ್ತು ಹೊಡೆದು ಏಳು ನಿಮಿಷವಾಗಿತ್ತು. ಪರದೆಯ ಮೇಲೆ ಕೆಂಪಕ್ಷರದ ಒಂದೇ ಸಾಲು: ನಿಮಗೆ ಪ್ರವೇಶವಿಲ್ಲ.

ವಾನ್‌ಚಿಯ ಮುಖ ಕೆಂಪೇರಿತು. ಲೂಕಾಂಗ್ ಪೇಟೆಯಲ್ಲಿ ಚಂದ್ರನ ಹಬ್ಬದ ಸಿಹಿ ಮೂನ್‌ಕೇಕ್ ಮಾರುವ ಈ ಅಂಗಡಿಗೆ ವೆಬ್‌ಸೈಟ್ ಕಟ್ಟಿದವಳು ಅವಳೇ. ಮೂರು ತಿಂಗಳು ಮನೆಯ ಕಂಪ್ಯೂಟರಿನಲ್ಲಿ ತಿದ್ದಿ ತೀಡಿ, ನಿನ್ನೆಯಷ್ಟೇ ಅದನ್ನು ಲೋಕಕ್ಕೆಲ್ಲ ಕಾಣುವ ಸರ್ವರಿಗೆ ಸಾಗಿಸಿದ್ದಳು. ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು ಒಂದು ಗುಂಡಿ ಒತ್ತಿದರೆ ಅಂಗಡಿ ತೆರೆದಂತೆ. "ನಲವತ್ತು ಸಲ ಪರೀಕ್ಷೆ ಮಾಡಿದೀನಿ, ಚಿಂತೆಯೇ ಬೇಡ" ಎಂದು ಇದೇ ಮೇಜಿನ ಮುಂದೆ ಎದೆ ತಟ್ಟಿಕೊಂಡಿದ್ದಳು. ಇಷ್ಟು ಬೇಗ ಆ ಮಾತನ್ನು ನುಂಗಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಪಂಚಾಂಗ ನೋಡಿ ಮುಹೂರ್ತವಿಟ್ಟವರು ಅಮಾ: ಒಂಬತ್ತರಿಂದ ಹನ್ನೊಂದು. ನಾಳೆಯಿಂದ ಏಳನೇ ತಿಂಗಳು. ಸತ್ತವರು, ಅಮಾರ ಬಾಯಲ್ಲಿ 'ಅಣ್ಣತಮ್ಮಂದಿರು', ಓಡಾಡುವ ಆ ತಿಂಗಳಲ್ಲಿ ಅಮಾ ಹೊಸದೇನನ್ನೂ ಶುರುಮಾಡುವವರಲ್ಲ. ತಿಂಗಳು ಮುಗಿಯುವಷ್ಟರಲ್ಲಿ ಹಬ್ಬದ ಮೂನ್‌ಕೇಕಿಗೆ ಜನ ಬೇರೆ ಕಡೆ ಹೇಳಿಯಾಗಿರುತ್ತದೆ.

"ಇವತ್ತಾಗ್ಲಿಲ್ಲ ಅಂದ್ರೆ ಈ ವರ್ಷ ಬೇಡ," ಎಂದರು ಅಮಾ. "ಆ ಅಣ್ಣತಮ್ಮಂದಿರು ಬೀದೀಲಿ ತಿರುಗ್ತಿರೋವಾಗ ನಾನಂತೂ ಬಾಗಿಲು ತೆಗಿಯಲ್ಲ."

ವಾನ್‌ಚಿ ನಾಚಿಕೆಯನ್ನು ಬದಿಗಿಟ್ಟು ಸರ್ವರಿನ ಹಿತ್ತಿಲಿನಿಂದ ಒಳಹೊಕ್ಕಳು. ಸೈಟಿನ ಕಾವಲಿಗೆಂದು ತಾನೇ ಹಾಕಿದ್ದ ಪುಟ್ಟ ತಂತ್ರಾಂಶದ, ಆ ಪ್ಲಗಿನ್ನಿನ, ಫೋಲ್ಡರಿಗೆ ಬೇರೆ ಹೆಸರಿಟ್ಟಳು. ಹಳೆಯ ಹೆಸರು ಹೋದದ್ದೇ ತಡ, ಕಾವಲೂ ನಿಂತಿತು; ಪಾಸ್‌ವರ್ಡ್ ಕೇಳುವ ಪುಟ ಮೂಡಿತು.

ಅಮಾರ ಸೊಸೆ ಲೀಷ್ವೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಬಂತಲ್ಲ! ಹಾಗೇ ಬಿಟ್ಬಿಡಿ ವಾನ್‌ಚಿ. ಮೂನ್‌ಕೇಕ್ ಕದಿಯೋಕೆ ಯಾವ ಕಳ್ಳ ಬರ್ತಾನೆ?"

"ಕದಿಯೋದು ಮೂನ್‌ಕೇಕ್ ಅಲ್ಲ ಅಕ್ಕಾ, ನಿಮ್ಮ ಗಿರಾಕಿಗಳ ವಿಳಾಸ, ಫೋನ್ ನಂಬರು. ಕಾವಲಿಲ್ದೆ ನಾನು ತೆರೆಯಲ್ಲ. ಇನ್ನೂ ಹೊತ್ತಿದೆ, ಸರಿಮಾಡ್ತೀನಿ."

"ಅವಳು ಹೇಳೋದು ಸರಿ," ಎಂದರು ಅಮಾ. "ಚಿಲಕ ಇಲ್ಲದ ಅಂಗಡಿ ನನಗೂ ಬೇಡ. ನೀನು ಹೋಗಿ ಓವನ್ ನೋಡು, ಸೀದ ವಾಸನೆ ಬರ್ತಿದೆ."

ಆ ಒಂದು ಮಾತಿನಿಂದ ವಾನ್‌ಚಿಯ ಕೈಗೆ ಹಿಡಿತ ಬಂತು. ಕಾರಣ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಹೊಸ ಸರ್ವರಿನ ಮುಂದೆ ಇನ್ನೊಂದು ಯಂತ್ರ ನಿಂತು ಬಂದವರನ್ನೆಲ್ಲ ಒಳಗೆ ಕಳಿಸುತ್ತಿತ್ತು. ಯಾರೇ ಬಂದರೂ ಪ್ಲಗಿನ್ನಿಗೆ ಕಾಣುತ್ತಿದ್ದುದು ಆ ಯಂತ್ರದ ಇಂಟರ್ನೆಟ್ ವಿಳಾಸ ಮಾತ್ರ. ಯಾರೋ ಒಬ್ಬರು ಐದು ಸಲ ತಪ್ಪು ಪಾಸ್‌ವರ್ಡ್ ಕೊಟ್ಟಿದ್ದರು. ಐದು ತಪ್ಪಾದರೆ ತಡೆಯುವ ಪ್ಲಗಿನ್ನು ಆ ವಿಳಾಸವನ್ನೇ ತಡೆದು ಊರಿಗೆ ಊರನ್ನೇ ಹೊರಗಿಟ್ಟಿತ್ತು. ಮನೆಯಲ್ಲಿ ಒಬ್ಬಳೇ ಕುಳಿತು ನಲವತ್ತಲ್ಲ, ನಾನೂರು ಸಲ ಪರೀಕ್ಷಿಸಿದ್ದರೂ ಇದು ಕಾಣುತ್ತಿರಲಿಲ್ಲ.

"ತಪ್ಪು ನಂದೇ, ಅಮಾ," ಎಂದಳು. ಬಂದವರ ನಿಜವಾದ ವಿಳಾಸವನ್ನು ನೋಡುವಂತೆ ಅರ್ಧ ಗಂಟೆ ಕೂತು ಪ್ಲಗಿನ್ನನ್ನು ತಿದ್ದಿ, ಮತ್ತೆ ಕಾವಲಿಗೆ ನಿಲ್ಲಿಸಿದಳು. ತನ್ನ ಫೋನಿನ ಡೇಟಾದಿಂದ ಬೇಕೆಂದೇ ಐದು ಸಲ ತಪ್ಪು ಪಾಸ್‌ವರ್ಡ್ ಕೊಟ್ಟಳು. ಫೋನು ಹೊರಬಿತ್ತು, ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ. "ಈಗ ಸರಿಯಾಯ್ತು. ಆದ್ರೆ ಆ ಐದು ಸಲ ತಪ್ಪಿದ್ದು ಯಾರು?"

ಲೀಷ್ವೆ ನಾಲಿಗೆ ಕಚ್ಚಿಕೊಂಡಳು. ಮನೆಮಂದಿಯ ಫೋನ್ ಗುಂಪಿನಲ್ಲಿ ಅಮಾ ಪಾಸ್‌ವರ್ಡ್ ಹಾಕಿದ್ದರಂತೆ. "ಹೊಸ ವರ್ಷದ ದಿನ ಗುಡೀಲಿ ಮೊದಲ ಊದುಬತ್ತಿ ಹಚ್ಚೋಕೆ ನುಗ್ತೀವಲ್ಲ, ಹಾಗೆ ಎಲ್ಲರೂ ನುಗ್ಗಿದ್ವಿ. ಆದ್ರೆ ಒಂಬತ್ತು ಹೊಡೆದ ಮೇಲೇನೇ! ಅಷ್ಟರಲ್ಲಾಗ್ಲೇ ಮುಚ್ಚಿತ್ತು."

"ಇದು ಎಂಟೂವರೆಗೇ ಶುರುವಾಗಿದೆ," ಎಂದಳು ವಾನ್‌ಚಿ ಪ್ಲಗಿನ್ನಿನ ದಾಖಲೆ ನೋಡುತ್ತ. "ಐದು ಸಲ ಒತ್ತೋಕೆ ಇಪ್ಪತ್ತು ನಿಮಿಷ ಹಿಡಿದಿದೆ. ಯಾವುದೋ ಹಳೇ ಟ್ಯಾಬ್ಲೆಟ್ಟು."

ಅಮಾ ಮೆಲ್ಲನೆ ಮಹಡಿಯ ಮೆಟ್ಟಿಲ ಕಡೆ ತಿರುಗಿದರು. ಆ ಮನೆಯಲ್ಲಿ ಟ್ಯಾಬ್ಲೆಟ್ ಇದ್ದುದು ಒಬ್ಬರ ಬಳಿ ಮಾತ್ರ. ಅಮಾರ ಗಂಡ ಅಕೋಂಗ್ ನಲವತ್ತೆಂಟು ವರ್ಷ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಡಿಯ ಕಬ್ಬಿಣದ ಷಟರ್ ಎತ್ತಿದವರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮೆಟ್ಟಿಲಿಳಿದಿರಲಿಲ್ಲ.

"ಆ ಲ್ಯಾಪ್‌ಟಾಪ್ ತಗೊಂಡು ಬಾ," ಎಂದರು ಅಮಾ.

ಹತ್ತು ನಲವತ್ತೆಂಟು. ಮಹಡಿಯ ಕಿಟಕಿಯ ಬಳಿ ಕುಳಿತಿದ್ದ ಅಕೋಂಗ್, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಟ್ಯಾಬ್ಲೆಟ್ಟನ್ನು ಹೊದಿಕೆಯೊಳಗೆ ಸರಿಸಿದರು.

"ಮುಹೂರ್ತಕ್ಕೆ ಮುಂಚೇನೇ ಕೈ ಹಾಕಿದೀರಿ. ಆತುರಗೇಡಿ!" ಅಮಾ ಗದರಿದರೂ ದನಿಯಲ್ಲಿ ಗದರಿಕೆ ಇರಲಿಲ್ಲ. ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟರು.

ಅಕೋಂಗರ ಎಡಗೈಯ ತೋರುಬೆರಳು ಒಂದೊಂದೇ ಅಕ್ಷರ ಹುಡುಕಿತು. ತಪ್ಪು. ಮತ್ತೆ ತಪ್ಪು. ಲೀಷ್ವೆ ಗಡಿಯಾರ ನೋಡಿ ಕೈ ಚಾಚಿದಳು. ಅಮಾ ಅವಳ ಮುಂಗೈಗೆ ಒಂದೇಟು ಕೊಟ್ಟರು.

"ನಿಧಾನಕ್ಕೆ ಒತ್ತಿ ಅಕೋಂಗ್," ಎಂದಳು ವಾನ್‌ಚಿ. "ಈಗ ನೀವು ತಪ್ಪಿದ್ರೂ ಊರಿಗೇನೂ ಆಗಲ್ಲ."

ಹತ್ತು ಐವತ್ತೇಳಕ್ಕೆ ಮೂರನೇ ಸಲದ ಪಾಸ್‌ವರ್ಡ್ ಒಪ್ಪಿಗೆಯಾಯಿತು. ಅಕೋಂಗ್ ತೆರೆಯುವ ಗುಂಡಿ ಒತ್ತಿದರು. ಗುಂಡಿ ಬಿಟ್ಟ ಅವರ ಎಡಗೈ ಅಲ್ಲಿಗೇ ನಿಲ್ಲದೆ ಮೆಲ್ಲಗೆ ಮೇಲೇರಿತು. ಎದೆ ದಾಟಿ, ತಲೆ ದಾಟಿ, ತೋಳು ನೆಟ್ಟಗಾಗುವವರೆಗೆ. ಷಟರ್ ಎತ್ತಿ ನಿಲ್ಲಿಸುವವರಂತೆ ಅಂಗೈ ಬಿಚ್ಚಿ ಅಲ್ಲೇ ಒಂದು ಗಳಿಗೆ ಹಿಡಿದಿದ್ದರು.